ಕೆರೆಗೆ ಕಂಡಕ್ಟರ್ ಆದ ಹೊನ್ನೂರಪ್ಪ

ಹೊನ್ನೂರಪ್ಪ ಕೆರೆಯ ಏರಿಯ ಮೇಲೆ ನಿಂತು, ಬಂದವರಿಗೆಲ್ಲ "ಮುಂದ ನಡೀರಿ, ಮುಂದ ಭಾಳ ಜಾಗ ಐತಿ" ಎನ್ನುತ್ತಿದ್ದ. ಮುಂದೆ ಇದ್ದದ್ದು ನೀರು.

ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದ ಮನುಷ್ಯ. ರಿಟೈರ್ ಆದ ಮೇಲೆ ಬಸ್ಸು ಹೋಯಿತು, ಕೆರೆ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಚರ್ಮದ ಚೀಲ ತೂಗಿ ತೂಗಿ ಎಡಭುಜ ಇಳಿದಿತ್ತು. ಗಟ್ಟಿ ನೆಲದ ಮೇಲೆ ನಿಂತಾಗಲೂ ಈಗ ಬ್ರೇಕ್ ಬೀಳುತ್ತದೋ ಏನೋ ಎನ್ನುವ ಹಾಗೆ ಕಾಲು ಅಗಲಿಸಿ, ಬೇವಿನ ಟೊಂಗೆಯೊಂದನ್ನು ಮೇಲಿನ ಕಂಬಿಯಂತೆ ಹಿಡಿದುಕೊಂಡಿರುತ್ತಿದ್ದ. ನಮ್ಮ ಪಕ್ಕದ ಮನೆಯವನು. ನನಗಿಂತ ದೊಡ್ಡವನಾದರೂ ನನ್ನನ್ನು "ನಾಗಕ್ಕ" ಎಂದೇ ಕರೆಯುತ್ತಿದ್ದ. ಅವನ ಲೆಕ್ಕದಲ್ಲಿ ಲೋಕದ ಹೆಂಗಸರೆಲ್ಲ ಅಕ್ಕಂದಿರು, ಗಂಡಸರೆಲ್ಲ ಚಿಲ್ಲರೆ ಕೊಡದವರು.

ಪಾಪಿನಾಯಕನಹಳ್ಳಿಯಿಂದ ಸ್ವಲ್ಪ ಆಚೆ ನಮ್ಮೂರು. ನಾನು ಶಾಲೆಗೆ ಹೋದದ್ದಕ್ಕಿಂತ ಎಮ್ಮೆಯ ಹಿಂದೆ ಹೋದದ್ದೇ ಹೆಚ್ಚು. ಎಮ್ಮೆ ಕೆರೆಗಿಳಿಯಿತು, ನಾನು ಬಾಲ ಹಿಡಿದೆ, ಈಜು ಬಂತು. ಮೊಮ್ಮಗಳು ಪಂಪಿ ಹುಟ್ಟಿದ ದಿನದಿಂದ ನನ್ನದು ಒಂದೇ ಆಸೆ: ಇವಳೂ ಈ ನೀರಿನಲ್ಲಿ ಈಜಬೇಕು. ಆದರೆ ಅಷ್ಟರಲ್ಲಿ ಕೆರೆ ಎಲ್ಲಿತ್ತು? ಅಂತರಗಂಗೆ ಕಳೆ ಬೆಳೆದು ಬೆಳೆದು, ಹಸಿರು ಚಾಪೆ ಹಾಸಿದಂತಾಗಿ, ಅದರ ಮೇಲೆ ನಾಯಿ ಓಡಾಡೀತು ಅನ್ನುವ ಹಾಗಿತ್ತು.

"ಮಕ್ಕಳು ಇಳೀದ ಕೆರಿ ಅಂದ್ರ ಖಾಲಿ ಬಸ್ ಇದ್ದಂಗ ನಾಗಕ್ಕ" ಎಂದ ಹೊನ್ನೂರಪ್ಪ. "ಇದನ್ನ ತುಂಬಿಸ್ಬೇಕು."

ಮರುದಿನದಿಂದಲೇ ಮನೆಮನೆಯ ಬಾಗಿಲು ಬಡಿದ. ಭಾನುವಾರ ಹೆಂಗಸರು ಕುಡುಗೋಲು ತಂದರು, ಹುಡುಗರು ಹಗ್ಗ ತಂದರು, ಹಂಪಿ ಕಡೆಯಿಂದ ಯಾರೋ ನೆಂಟರು ಒಂದು ಹರಿಗೋಲು ಕೊಟ್ಟರು. ಕಳೆಯನ್ನು ಹಗ್ಗ ಹಾಕಿ ಎಳೆದು ಏರಿಗೆ ಹಾಕುವುದು, ಬಾಳೆತೋಟದವರು ಅದನ್ನು ಗೊಬ್ಬರಕ್ಕೆ ಒಯ್ಯುವುದು. ಹೊನ್ನೂರಪ್ಪ ಒಂದೇ ಒಂದು ಎಲೆ ಕೀಳಲಿಲ್ಲ. ಏರಿಯ ಮೇಲೆ ನಿಂತು ಕೂಗುವುದೇ ಅವನ ಕೆಲಸ. ಯಾರಾದರೂ ಸೊಂಟ ಹಿಡಿದುಕೊಂಡು ಮನೆಯ ದಾರಿ ಹಿಡಿದರೆ ಅಡ್ಡ ನಿಲ್ಲುತ್ತಿದ್ದ.

"ಎಲ್ಲಿಗ್ರಿ? ಇದು ನಾನ್‌ಸ್ಟಾಪ್. ನಡುವ ಇಳಿಯಂಗಿಲ್ಲ."

"ನೀನೂ ಒಂದೀಟು ನೀರಿಗಿಳಿಯೋ ಹೊನ್ನೂರಣ್ಣ" ಎಂದು ನಾನು ಕೆಣಕಿದರೆ, "ಕಂಡಕ್ಟರ್ ಎಲ್ಯಾರ ಸ್ಟೇರಿಂಗ್ ಹಿಡೀತಾನೇನು?" ಎನ್ನುತ್ತಿದ್ದ.

ಬೇಸಿಗೆ ಬರುವಷ್ಟರಲ್ಲಿ ನೀರು ಕಂಡಿತು. ನೀರು ಕಂಡಿದ್ದೇ ತಡ, ನಮಗಿಂತ ಮೊದಲು ಹಿಗ್ಗಿದವರು ಲಾರಿಯವರು. ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳಿಗೆ, ನಾವು ಕಳೆ ಕಿತ್ತ ಜಾಗ ಬಚ್ಚಲುಮನೆಯಾಯಿತು. ಊರೆಲ್ಲ ಬೆವರು ಸುರಿಸಿ ಲಾರಿಗೆ ಸ್ನಾನದ ಏರ್ಪಾಡು ಮಾಡಿದಂತಾಯಿತು. ಮೊಟ್ಟಮೊದಲು ಲಾರಿ ತಂದು ನಿಲ್ಲಿಸಿದವನು ಬೇರೆ ಯಾರೂ ಅಲ್ಲ, ನನ್ನ ಮಗ ಎರ್ರಿಸ್ವಾಮಿ, ಪಂಪಿಯ ಅಪ್ಪ!

ನಾನು ಬಯ್ದೆ, ಕೇಳಲಿಲ್ಲ. "ಎಲ್ಲಾರೂ ತೊಳೀತಾರ, ನಂದೊಂದು ಲಾರಿಗೆ ಕೆರಿ ಕೆಡ್ತದೇನವ್ವ?" ಎಂದ.

ಹೊನ್ನೂರಪ್ಪ ಬಯ್ಯಲೂ ಇಲ್ಲ. ಒಂದು ಭಾನುವಾರ ಮುಂಜಾನೆ ನಮ್ಮ ಮನೆಗೆ ಬಂದು, "ನಾಗಕ್ಕ, ಪಂಪಿನ್ನ ಕರ್ಕೊಂಡು ಬಾ. ಇವತ್ತು ಈಜು ಶುರು" ಎಂದ. ನನಗೆ ಹಿಗ್ಗೋ ಹಿಗ್ಗು. ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಎರಡು ಸೋರೆಬುರುಡೆಗಳನ್ನು, ಮುಳುಗದಂತೆ ಅವಳ ಸೊಂಟಕ್ಕೆ ಕಟ್ಟಿದೆ. ಅವನು ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಎರ್ರಿಸ್ವಾಮಿಯ ಲಾರಿಯ ಬಗಲಿಗೆ. ಹಿಂದಿನ ಗಾಲಿಗಳು ನೀರಿನೊಳಗಿದ್ದವು. ನೀರು ಕೆಂಪಗೆ, ಮೇಲೆ ಡೀಸೆಲ್ಲಿನ ಬಣ್ಣಬಣ್ಣದ ಪೊರೆ.

"ಇಲ್ಲಿ ಬ್ಯಾಡ ಮಾವ, ಅತ್ಲಾಗ ಇಳಸು" ಎಂದ ನನ್ನ ಮಗ, ಬಕೆಟ್ ಹಿಡಿದುಕೊಂಡೇ.

"ಯಾಕಲೇ? ಅತ್ಲಾಗಿಂದು ಬ್ಯಾರೆ ಕೆರಿ ಏನು?"

"ಇಲ್ಲಿ ಹೊಲಸೈತಿ."

"ಯಾರ್ದು?"

ಎರ್ರಿಸ್ವಾಮಿ ಬಕೆಟ್ಟಿನ ನೀರನ್ನು ಲಾರಿಯ ಬಾಗಿಲಿಗೆ ಎರಚಿದ. ಪಂಪಿಯೇ ಮಾತಾಡಿದಳು. "ಇರ್ಲಿ ಬಿಡಪ್ಪ, ನೀ ತೊಳ್ಕೊ. ನಾ ಬಾಯಿ ಗಟ್ಟಿ ಮುಚ್ಕೊಂಡು ಮುಳುಗ್ತೀನಿ."

ಹೇಳಿದವಳೇ ಒಂದು ಕಾಲನ್ನು ಆ ಕೆಂಪು ನೀರಿನಲ್ಲಿಟ್ಟಳು. ನನ್ನ ಮಗ ಬಕೆಟ್ ಬಿಸಾಡಿ, ಅವಳನ್ನು ಬುರುಡೆಗಳ ಸಮೇತ ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟ. ಹೋಗಿ ಲಾರಿ ಹತ್ತಿದ. ಗಾಲಿಗಳು ಕೆಸರು ಕಿತ್ತುಕೊಂಡು ಮೇಲೇರುವಾಗ ಹೊನ್ನೂರಪ್ಪ ಹಿಂದಿನಿಂದ ಲಾರಿಯ ಬೆನ್ನು ತಟ್ಟಿ, "ರೈಟ್, ರೈಟ್! ಹೋಗ್ಲಿ, ಹೋಗ್ಲಿ!" ಎಂದು ಕೂಗಿದ. ಅಷ್ಟು ಸಂತೋಷದಿಂದ ಅವನು ಯಾವ ಬಸ್ಸನ್ನೂ ಬಿಟ್ಟಿರಲಿಕ್ಕಿಲ್ಲ.

ಮುಂದೆ ಎರ್ರಿಸ್ವಾಮಿಯೇ ಉಳಿದ ಡ್ರೈವರುಗಳನ್ನು ಚಹಾದಂಗಡಿಯಲ್ಲಿ ಕೂರಿಸಿ ಒಪ್ಪಿಸಿದ. ಪಂಕ್ಚರ್ ಅಂಗಡಿಯ ಹಿಂದೆ, ಕೆರೆಗೆ ನೀರು ಹರಿಯದ ಕಡೆ, ಗುಂಡಿ ತೋಡಿ ಲಾರಿ ತೊಳೆಯುವ ಕಟ್ಟೆ ಹಾಕಿಕೊಂಡರು. ಮಳೆಗಾಲ ಬಂತು, ಕೆರೆ ತುಂಬಿ ಕೋಡಿ ಹರಿಯಿತು, ಕೆಂಪು ಕಳೆಯಿತು. ಆಗ ಇಳಿದಳು ನೋಡಿ ನನ್ನ ಪಂಪಿ! ಅವಳ ಹಿಂದೆ ಊರಿನ ಮಕ್ಕಳೆಲ್ಲ.

ಆಮೇಲೆ ಭಾನುವಾರವೆಂದರೆ ಏರಿಯೇ ನಮ್ಮ ಪೇಟೆಯಾಯಿತು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಹರಿಗೋಲಿನಲ್ಲಿ ಒಂದು ಸುತ್ತು. ತಿಂದ ಕಾಗದ ಬಿಟ್ಟು ಎದ್ದವರ ಕಿವಿಯಲ್ಲಿ ಹೊನ್ನೂರಪ್ಪ: "ನಿಮ್ಮ ಲಗೇಜಿಗೆ ನೀವಽ ಜವಾಬ್ದಾರ್ರಿ. ಬಿಟ್ಟು ಇಳೀಬ್ಯಾಡ್ರಿ."

ತಾನು ಮಾತ್ರ ಹಿಮ್ಮಡಿ ತೋಯಿಸಿಕೊಂಡವನಲ್ಲ. ಅವನಿಗೆ ನೀರೆಂದರೆ ಪ್ರಾಣಭಯ ಎಂಬ ಗುಟ್ಟನ್ನು ಪಂಪಿಯೇ ಪತ್ತೆ ಮಾಡಿದಳು. ಮಾಡಿ ಸುಮ್ಮನಿರುವ ಕುಲವಲ್ಲ ನಮ್ಮದು. ನಾನೂ ಅವಳೂ ಸೇರಿ ಅವನ ಸೊಂಟಕ್ಕೆ ಬುರುಡೆಗಳ ಸಾಲನ್ನೇ ಕಟ್ಟಿದೆವು. ಗೌರಮ್ಮನಿಗೆ ಸಿಂಗಾರ ಮಾಡಿದಂತಿತ್ತು. ನೀರು ಮೊಣಕಾಲು ಮುಟ್ಟಿತೋ ಇಲ್ಲವೋ, "ಹೋಲ್ಡಾನ್! ಲೇ, ಹೋಲ್ಡಾನ್!" ಎಂದು ಪಂಪಿಯ ಜಡೆ ಹಿಡಿದುಕೊಂಡ.

"ತಾತ, ಜಡಿ ಬಿಡು, ನಾ ಮುಳುಗ್ತೀನಿ!"

"ನೀ ಮುಳುಗಿದ್ರ ನಾ ಯಾರ್ನ ಹಿಡ್ಕೊಳ್ಳಲವ್ವಾ?"

ಏರಿಗೆ ಏರಿಯೇ ನಕ್ಕಿತು. ಹಲ್ಲು ಕಟಕಟಿಸುತ್ತ ಅವನೂ ನಕ್ಕ.

ಹೋದ ಚಳಿಗಾಲದಲ್ಲಿ, ಕಂಪ್ಲಿಯ ತನ್ನ ಮಗಳ ಮನೆಯಲ್ಲಿ ಹೊನ್ನೂರಪ್ಪ ತೀರಿಕೊಂಡ. ಮೊಣಕಾಲು ಹಿಡಿದು ನಡೆಯುವುದೇ ಕಷ್ಟವಾದಾಗ ಮಗಳು ಕರೆಸಿಕೊಂಡಿದ್ದಳು. ಅವನು ಹೊರಟ ಬೆಳಗ್ಗೆಯೇ ನಾನು ಅವನನ್ನು ಕೊನೆಯದಾಗಿ ನೋಡಿದ್ದು. ಬಸ್ಸು ನಿಲ್ಲುವುದು ಏರಿಯ ಬುಡದಲ್ಲಿ. ಗಂಟು ಅಲ್ಲಿಟ್ಟು, ಎರ್ರಿಸ್ವಾಮಿಯ ಭುಜ ಹಿಡಿದು ಮೇಲೆ ಬಂದ.

ಪಂಪಿ ಅವನೆದುರು ಸೊಂಟದ ಬುರುಡೆಗಳನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. "ತಾತ, ಬೋಳುಗುಂಡು ಮುಟ್ಟಿ ಬರ್ತೀನಿ, ನೋಡು." ಬೋಳುಗುಂಡು ಎಂದರೆ ಕೆರೆಯ ನಟ್ಟನಡುವೆ ಆನೆಯ ಬೆನ್ನಿನಂತೆ ಎದ್ದಿರುವ ಬಂಡೆ. ಬುರುಡೆಯಿಲ್ಲದೆ ಅವಳು ಅಷ್ಟು ದೂರ ಹೋದವಳೇ ಅಲ್ಲ. ನಾನು ಬೇಡ ಎನ್ನುವಷ್ಟರಲ್ಲಿ ಹೊರಟೇಬಿಟ್ಟಳು. ಎರ್ರಿಸ್ವಾಮಿ ಲುಂಗಿ ಎತ್ತಿ ಕಟ್ಟಿ ಅಂಚಿನಲ್ಲಿ ಸಿದ್ಧನಾಗಿ ನಿಂತ.

ಅವಳು ಅರ್ಧ ದಾರಿಯಲ್ಲಿದ್ದಾಗ ಕಂಪ್ಲಿ ಬಸ್ಸು ಬಂತು. ಹಾರ್ನ್ ಹೊಡೆಯಿತು. ಅದರ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಜಲ್ದಿ ಬರ್ರಿ ಯಜಮಾನ್ರ, ಟೈಮ್ ಆಗೇತಿ!" ಎಂದು ಕೂಗಿದ.

ಮದುವೆಯ ದಿಬ್ಬಣವನ್ನೂ ಬಿಟ್ಟು ಬಸ್ಸು ಹೊರಡಿಸಿದವನು ಹೊನ್ನೂರಪ್ಪ. ಅವನು ತಿರುಗಿಯೂ ನೋಡಲಿಲ್ಲ.

"ನೀವು ಹೋಗ್ರಿ" ಎಂದ. "ನಮ್ಮ ಪ್ಯಾಸೆಂಜರ್ ಇನ್ನಾ ನೀರಾಗ ಅದಾಳ."

ಪಂಪಿಯ ಕೈ ಮೇಲೆದ್ದು ಬಂಡೆಯನ್ನು ಬಡಿಯಿತು. ಹಿಂದೆ ಬಸ್ಸು ಹೊರಟ ಸದ್ದಾಯಿತು. ನಾವು ಯಾರೂ ಅತ್ತ ನೋಡಲಿಲ್ಲ.