ಮುಂಬೈಯಲ್ಲಿ ಕಳೆದುಹೋದ ಅಕ್ಕ

ಹಿಂಬದಿ ಮನೆಯ ಅಕ್ಕನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಸಹವಾಸ ಬೇಡವೆಂಬಂತೆ ಹೊರಕ್ಕೆ ತಿರುಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಮಣ್ಣು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಕಣ್ಣು ಮೊದಲು ಹೋಗುವುದು ಇಂಥ ಕಡೆಗೇ. ಮುಲಾಮು ಕೊಟ್ಟೆ. "ಇದನ್ನ ಹಚ್ಕಂಡ್ರೆ ಜಾರಿ ಬೀಳ್ತೀನಿ ಅಷ್ಟೆ, ಸಿಸ್ಟ್ರಮ್ಮ" ಎಂದು ನಕ್ಕು ವಾಪಸು ಕೊಟ್ಟರು.

ಹಿರಿಯೂರಿನಲ್ಲಿ ನಮ್ಮ ಮನೆಯ ಹಿಂಬದಿಯ ಮನೆಗೆ ಅವರು ಮಗಳ ಜೊತೆ ಬಂದದ್ದು ಧರ್ಮಪುರದ ಕಡೆಯಿಂದ, ಗಂಡ ತೀರಿಕೊಂಡು ಕುರಿಗಳನ್ನೆಲ್ಲ ಮಾರಿದ ಮೇಲೆ. ಅದಕ್ಕೆ ಮೊದಲು ವರ್ಷದಲ್ಲಿ ಎಂಟು ತಿಂಗಳು ಮಂದೆಯ ಹಿಂದೆ ನಡೆದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರಿಗೆ ಹೊಂದಿಕೆಯಾಗಲು ಕಾರಣವೇ ಇರಲಿಲ್ಲ. ನನಗೆ ಐದಕ್ಕೆ ಏಳಬೇಕು, ಆರಕ್ಕೆ ಸ್ನಾನ, ಎಂಟಕ್ಕೆ ತಿಂಡಿ. ಅವರು ಒಂದು ಕಡೆ ಕುಳಿತವರೇ ಅಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದು ಅಂಗಳದ ಉದ್ದಕ್ಕೂ ಓಡಾಡುವರು. ಕುಂತ್ಕಳ್ರಿ ಎಂದರೆ, "ಒಂದೇ ಕಡೆ ಮೂರು ದಿನ ಇದ್ರೆ ಹುಲ್ಲು ಮುಗೀತೈತೆ" ಎನ್ನುವರು.

ನಾನೂ ನನ್ನ ಗಂಡನೂ ಮುಂಬೈ ನೋಡಲು ಹೊರಟಾಗ, "ನಾನೂ ಬರ್ತೀನಿ, ಸಮುದ್ರ ಕಂಡಿಲ್ಲ" ಎಂದು ಚೀಲ ಹಿಡಿದು ನಿಂತರು. ಜೊತೆಗೆ ಇನ್ನೊಂದು ಜೀವ ಇರುವುದು ನನಗೂ ಬೇಕಿತ್ತು. ಗಣಿತದ ಮೇಷ್ಟ್ರಾಗಿದ್ದ ನನ್ನ ಗಂಡನಿಗೆ ಒಂದು ವರ್ಷದಿಂದ ಮರೆವು ಹತ್ತಿತ್ತು. ಸಂತೆಗೆ ಹೋದವರು ವಾಪಸು ಬರುವಾಗ ನಮ್ಮ ಬೀದಿಯೇ ಗೊತ್ತಾಗದೆ ಅಲೆದಿದ್ದರು. ಅಕ್ಕಪಕ್ಕದವರಿಗೆ ಗೊತ್ತಾದರೆ ಅವರನ್ನು ಮಗುವಿನಂತೆ ಮಾತಾಡಿಸಲು ಶುರುಮಾಡುತ್ತಾರೆ; ಅದನ್ನು ಅವರು ತಾಳುವವರಲ್ಲ. ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಇನ್ನು ತಡಮಾಡಿದರೆ ಪ್ರಯಾಣವೇ ಆಗದೆಂದು ಹೊರಟಿದ್ದೆ. ಗಂಟೆಗಂಟೆಯ ಪಟ್ಟಿ ಬರೆದುಕೊಂಡಿದ್ದೆ. ಟಿಕೆಟ್, ಗುರುತಿನ ಚೀಟಿ, ನಮ್ಮಿಬ್ಬರ ಮೊಬೈಲು, ಎಲ್ಲ ನನ್ನ ಬ್ಯಾಗಿನಲ್ಲಿ.

ದಾದರಿನಲ್ಲಿ ಇಳಿದ ಕೂಡಲೇ ಅಕ್ಕ ಕೇಳಿದ್ದು, "ಇವ್ರ ಹಿಂದೆ ಯಾವ ತೋಳ ಬಿದ್ದೈತೆ?"

ಎಲ್ಲರೂ ಓಡುತ್ತಿದ್ದರು. ನಿಂತವರೂ ಒಂದು ಕಾಲು ಮುಂದಿಟ್ಟೇ ನಿಂತಿದ್ದರು. ನಡೆಯುತ್ತಲೇ ವಡಾಪಾವ್ ತಿನ್ನುವವರನ್ನು ನೋಡಿ, "ಮೇಯ್ಕಂತಾ ಮೇಯ್ಕಂತಾ ಹೋಗ್ತಾವೆ" ಎಂದರು. ಊಟದ ಡಬ್ಬಿಗಳನ್ನು ಹೇರಿದ ಕೈಗಾಡಿಯೊಂದು ಹಾದುಹೋಯಿತು. ಒಂದೊಂದು ಡಬ್ಬಿಯ ಮೇಲೂ ಬಣ್ಣದ ಗುರುತು. ಅಕ್ಕ ಅದರ ಹಿಂದೆ ಓಡಿಯೇಬಿಟ್ಟರು. "ನೋಡ್ರಿ, ಕುರಿಗೆ ಹಾಕ್ದಂಗೆ ಗುರುತು ಹಾಕವ್ರೆ! ಇವ್ರು ತಿಳಿದೋರು." ಸಮುದ್ರದ ಮುಂದೆ ಬಗ್ಗಿ, ಬೆರಳದ್ದಿ ನಾಲಗೆಗೆ ತಾಗಿಸಿ ಉಗುಳಿದರು. "ನಮ್ಮ ಮಾರಿಕಣಿವೆ ಡ್ಯಾಮೇ ವಾಸಿ. ಇಷ್ಟು ನೀರೈತೆ, ಒಂದು ಕುರಿ ಕುಡಿಯಂಗಿಲ್ಲ!" ನನ್ನ ಗಂಡ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕರು.

"ಮೆಲ್ಲಗೆ ಅಕ್ಕ, ಜನ ನೋಡ್ತಾರೆ" ಎಂದೆ.

"ಎಲ್ಲಿ ನೋಡ್ತಾರೆ? ಬೆಳಗಿಂದ ಕಾಯ್ತಿದೀನಿ, ಒಬ್ರೂ ನೋಡ್ಲಿಲ್ಲ."

ಅಂದು ಸಂಜೆ ಲೋಕಲ್ ರೈಲಿನಿಂದ ಇಳಿದು ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಿದ್ದೆವು. ಗಂಡನ ಕೈ ನನ್ನ ಕೈಯಲ್ಲಿತ್ತು. ಬ್ಯಾಗು ಜಾರಿತೆಂದು ಸರಿಪಡಿಸಿಕೊಂಡೆ, ಅಷ್ಟೆ. ತಿರುಗಿದರೆ ಅವರಿರಲಿಲ್ಲ. ಎಲ್ಲಿ ನೋಡಿದರೂ ಬಿಳಿ ಅಂಗಿ. ಅವರದೂ ಬಿಳಿ ಅಂಗಿ. ಮೊಬೈಲು, ವಿಳಾಸ ಎಲ್ಲವನ್ನೂ ಜೋಪಾನವಾಗಿ ನನ್ನ ಹತ್ತಿರವೇ ಇಟ್ಟುಕೊಂಡು ಅವರನ್ನು ಬರಿಗೈಯಲ್ಲಿ ಬಿಟ್ಟಿದ್ದೆ. ಜನಕ್ಕೆ ಎದುರಾಗಿ ಕೆಳಗೆ ನುಗ್ಗಿದೆ. ಅಕ್ಕ ನನ್ನ ರಟ್ಟೆ ಹಿಡಿದು ಕಂಬಿಗೆ ಒತ್ತಿ ನಿಲ್ಲಿಸಿದರು.

"ಓಡಬ್ಯಾಡ್ರಿ. ಅವ್ರು ಬಂದಾಗ ನೀವಿರಲ್ಲ."

"ನಿಮಗೆ ಗೊತ್ತಿಲ್ಲ ಅಕ್ಕ, ಅವರಿಗೆ..."

"ಗೊತ್ತೈತೆ. ಯುಗಾದಿಯಿಂದ ಗೊತ್ತೈತೆ. ನಮ್ಮ ಬಾಗ್ಲಿಗೆ ಬಂದು ನಿಮ್ಮನೆ ಚಿಲಕ ಹುಡುಕ್ತಿದ್ರು." ರಟ್ಟೆ ಬಿಡದೆ ಕೇಳಿದರು: "ಮೇಷ್ಟ್ರು ಸಣ್ಣೋರಿದ್ದಾಗ ಯಲ್ಲದಕೆರೇಲಿ ಕುರಿ ಕಾದೋರಲ್ವೇನ್ರಿ?"

ತಲೆಯಾಡಿಸಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು ಕೂಗಿದರು. ಹೊತ್ತು ಮುಳುಗುವಾಗ ಚದುರಿದ ಮಂದೆಯನ್ನು ಒಂದೆಡೆಗೆ ಕರೆಯುವ ಕೂಗು ಅದು. ನಾಲಗೆ ಅದುರಿಸುತ್ತ ಶುರುವಾಗಿ, "ಹೋ" ಎಂದು ಬಯಲಿನುದ್ದಕ್ಕೂ ಎಳೆಯುವಂಥದ್ದು. ಒಂದು ಸಲ, ಎರಡು ಸಲ. ಯಾರನ್ನೂ ನೋಡದ ಆ ಊರು ತಲೆಯೆತ್ತಿ ನೋಡಿತು. ಮೆಟ್ಟಿಲ ಮೇಲಿನ ಜನ ನಿಂತರು, ನಡುವೆ ಸಂದು ಬಿತ್ತು. ಮೂರನೆಯ ಕೂಗಿಗೆ ಕೆಳಗೆ, ಹೊರಡಲಿದ್ದ ರೈಲೊಂದರ ಬಾಗಿಲಿನಿಂದ ಬಿಳಿ ಅಂಗಿಯವರೊಬ್ಬರು ಇಳಿದು ಈಚೆ ತಿರುಗಿದರು. ಆ ಸಂದಿನಲ್ಲಿ ನೇರ ಮೇಲೆ ಬಂದರು.

"ಮಂದೆ ಎಲ್ಲಿ ಬಿಟ್ರಿ?" ಎಂದು ಕೇಳಿದರು ನನ್ನ ಗಂಡ.

"ಎಲ್ಲ ಬಂದ್ವು ಮೇಷ್ಟ್ರೇ. ನೀವೊಬ್ರೇ ಬಾಕಿ ಇದ್ರಿ. ಹೋಗಾಣ ಬರ್ರಿ."

ಊರಿಗೆ ಬಂದ ಮರುದಿನ ನಲ್ಲಿಯ ಹತ್ತಿರ ಹೆಂಗಸರು ಮುಂಬೈ ಸುದ್ದಿ ಕೇಳಿದರು. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅಕ್ಕ ಶುರುಮಾಡಿದ್ದರು. "ಅಯ್ಯೋ, ಆ ಜನದಾಗೆ ನಾನು ಕಳೆದೋಗಿದ್ದೆ ಕಣ್ರೇ! ದಿಕ್ಕು ತೋಚ್ದೆ ಕುರಿ ಕೂಗು ಕೂಗ್ಕಂಡು ನಿಂತಿದ್ದೆ. ಮೇಷ್ಟ್ರು ಬಂದು ಕೈ ಹಿಡ್ಕಂಡು ಕರ್ಕಂಡು ಬಂದ್ರು." ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅಕ್ಕ ಅಂಗಡಿಗೆ ಹೊರಟರೂ, "ಅಜ್ಜಿ, ದಾರಿ ಗೊತ್ತೈತೇನು?" ಎಂಬ ತಮಾಷೆ. ಮೂರು ಜಿಲ್ಲೆ ದಾಟಿ ಮಂದೆ ಹೊಡೆದುಕೊಂಡು ಹೋಗಿ ಬರುತ್ತಿದ್ದ ಹೆಂಗಸು ಅದನ್ನು ನಗುತ್ತಲೇ ಕೇಳಿಸಿಕೊಂಡರು.

ಯಾಕಕ್ಕ ಹೀಗೆ ಮಾಡಿದಿರಿ ಎಂದು ಒಮ್ಮೆ ಕೇಳಿದೆ.

"ನಾನು ದಾರಿ ತಪ್ಪಿದ್ರೆ ನಗ್ತಾರೆ. ಮೇಷ್ಟ್ರು ತಪ್ಪಿದ್ರೆ ಅಯ್ಯೋ ಅಂತಾರೆ. ನಗೋದೇ ವಾಸಿ ಬಿಡ್ರಿ."

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ತಿಥಿಯ ಊಟಕ್ಕೆ ಕುಳಿತಾಗ ಅವರ ಮಗಳೇ ಆ ಕಥೆ ತೆಗೆದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಇನ್ನು ಸುಮ್ಮನಿರುವುದು ತಪ್ಪು ಎನ್ನಿಸಿ, ನಿಜ ಹೇಳಿಬಿಡೋಣವೆಂದು ಎಲೆಯ ಮುಂದಿನಿಂದ ಎದ್ದೆ. ಪಕ್ಕದಲ್ಲಿದ್ದ ನನ್ನ ಗಂಡ ನನ್ನ ಸೆರಗು ಜಗ್ಗಿದರು. ಈಗ ಅವರಿಗೆ ಓದಲಾಗುವುದಿಲ್ಲ. ಕೆಲವು ಬೆಳಗು ನನ್ನ ಹೆಸರೂ ಹೊಳೆಯುವುದಿಲ್ಲ. ಬೀದಿಯವರು ಮತ್ತೆ ಮತ್ತೆ ಹೇಳಿದ ಈ ಕಥೆಯೊಂದು ಮಾತ್ರ ಅವರ ನೆನಪಿನಲ್ಲಿ ಉಳಿದಿದೆ.

"ಪಾಪ, ಎಷ್ಟು ಹೆದರಿತ್ತೋ ಜೀವ. ಅವತ್ತು ನಾನು ಹೋಗದೆ ಇದ್ದಿದ್ರೆ ಸಿಗ್ತಿರಲಿಲ್ಲ, ಅಲ್ವೇನೇ?" ಎಂದರು.

"ಹೌದು ರೀ, ನೀವೇ ಕರ್ಕಂಡು ಬಂದ್ರಿ" ಎಂದು ಕುಳಿತುಕೊಂಡೆ.