ಆಳಂದ ಮುಟ್ಟುವುದರೊಳಗೆ ಬೆರಳು ಬೆಚ್ಚಗಾಗಬೇಕು

ಡಿಸೆಂಬರ್ ತಿಂಗಳ ಒಂದು ಸೋಮವಾರ ಬೆಳಗಿನ ಐದು ಗಂಟೆಗೆ ಜೇವರ್ಗಿ ಬಿಟ್ಟೆ. ಕಾರು ನನ್ನದೇ, ಹನ್ನೊಂದು ವರ್ಷದ ಹಳೆಯದು. ಹಿಂದಿನ ಸಂಜೆಯೇ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿದ್ದೆ. ಅಫಜಲಪುರಕ್ಕೆ ಹೋಗಿ, ಅಲ್ಲಿ ನನ್ನ ಅಕ್ಕನ ಮಗಳು ಸುಜಾತಾಳನ್ನು ಹತ್ತಿಸಿಕೊಂಡು, ಒಂಬತ್ತೂವರೆಯೊಳಗೆ ಆಳಂದ ಮುಟ್ಟಬೇಕಿತ್ತು. ಅಲ್ಲಿನ ಒಂದು ಕಚೇರಿಯಲ್ಲಿ ಅವಳಿಗೆ ಕನ್ನಡ ಟೈಪಿಂಗ್ ಪರೀಕ್ಷೆ. ಇದ್ದದ್ದು ಒಂದೇ ಹುದ್ದೆ.

ಸುಜಾತಾಳಿಗೆ ಥಂಡಿ ತಾಗಿದರೆ ಸಾಕು, ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಅಪಾಯವಿಲ್ಲ, ಬೆಚ್ಚಗಿಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಬೇಸಿಗೆಯಲ್ಲಿ ಅವಳು ಟೈಪ್ ಮಾಡುವುದನ್ನು ನೋಡಬೇಕು, ಕೀಲಿಮಣೆಯನ್ನು ನೋಡುವುದೇ ಇಲ್ಲ ಹುಡುಗಿ! ಆದರೆ ಅವಳ ಹಣೆಬರಹಕ್ಕೆ ಈ ಹಿಂದೆ ಎರಡು ಸಲವೂ ಪರೀಕ್ಷೆ ಬಂದದ್ದು ಚಳಿಯಲ್ಲಿ. ಕಿಟಕಿ ಮುಚ್ಚದ ಬಸ್ಸಿನಲ್ಲಿ ಹೋದಳು, ಅರ್ಧ ಪುಟ ಮುಗಿಸುವುದರೊಳಗೆ ಗಂಟೆ ಹೊಡೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಓಣಿಯವರು ಆಡಿಕೊಂಡರು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. "ಈ ಸಲ ನನ್ನ ಕಾರಿನ್ಯಾಗ ಬಾ. ಹೀಟರ್ ಹಾಕ್ಕೊಂಡು ಹೋಗೂಣು" ಎಂದು ಮಾತು ಕೊಟ್ಟಿದ್ದೆ.

ನಮ್ಮ ಸೀಮೆಯಲ್ಲಿ ಕಾರಿನ ಹೀಟರ್ ಎಂದರೆ ಜನ ನಗುತ್ತಾರೆ. ಹತ್ತು ತಿಂಗಳು ಬೆಂಕಿಯಂಥ ಬಿಸಿಲು ಸುರಿಯುವ ಊರಿದು. ನಾನೂ ಆ ಗುಂಡಿಯನ್ನು ಕೆಂಪು ಗುರುತಿನ ಕಡೆ ತಿರುಗಿಸಿದ್ದು ಆ ವರ್ಷ ಅದೇ ಮೊದಲು. ಭೀಮಾ ನದಿಯ ಸೇತುವೆ ದಾಟುವಾಗ ಮಂಜು ದಟ್ಟವಾಗಿತ್ತು. ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಎಂಜಿನ್ ಕಾಯಲಿ ಎಂದುಕೊಂಡೆ. ತೊಗರಿ ಹೊಲಗಳು ಮುಗಿದು ಜೋಳದ ಹೊಲಗಳು ಬಂದವು. ಗಾಳಿ ಉಗುರು ಬೆಚ್ಚಗೂ ಆಗಲಿಲ್ಲ. ಸುಡುಗಾಡು ಯಂತ್ರ, ಇವತ್ತೇ ಹಟ ಹಿಡಿಯಬೇಕೆ!

ಏಳು ಗಂಟೆಗೆ ಅಫಜಲಪುರದಲ್ಲಿ ಸುಜಾತಾ ಎರಡು ಸ್ವೆಟರು, ಅವರಪ್ಪನ ಉಣ್ಣೆಯ ಕೈಗವಸು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಕಾರಿನಲ್ಲಿ ಕೂತು ಕೈಗವಸು ತೆಗೆದು ಬೆರಳುಗಳನ್ನು ಗಾಳಿಗೆ ಹಿಡಿದಳು. ತುದಿಗಳು ಆಗಲೇ ಬೆಳ್ಳಗಿದ್ದವು.

"ಚಿಗವ್ವ, ಇದು ಹೀಟರೋ, ಫ್ಯಾನೋ?" ಎಂದು ನಕ್ಕಳು. ನಕ್ಕದ್ದು ನನ್ನ ಸಮಾಧಾನಕ್ಕೆ. ಅವಳ ಮುಖ ಸಣ್ಣದಾಗಿತ್ತು.

ಊರ ಹೊರಗೆ ಆಳಂದದ ರಸ್ತೆಯಲ್ಲಿ ಒಂದು ಗ್ಯಾರೇಜು ತೆರೆದಿತ್ತು. ಮಾಲೀಕ ಮೆಹಬೂಬ್ ಭಾಯ್ ಚಹಾ ಕುಡಿಯುತ್ತ ಕೂತಿದ್ದರು, ಅರವತ್ತರ ಮೇಲಿನವರು. ಇಳಿದವಳೇ ನಾನು ಶುರುಮಾಡಿದೆ, "ಈ ಗಾಡಿ ಮಾರಿದಾಂವ ನನಗ ಟೋಪಿ ಹಾಕ್ಯಾನ್ರಿ. ಹೀಟರೇ ಕೆಟ್ಟದ."

"ಬರ್ರಿ ಅಕ್ಕಾರ, ಮೊದಲ ನೋಡೂಣ್ರಿ. ಬೈಯೂದು ಎಲ್ಲಿ ಓಡಿಹೋಗ್ತದ?" ಎಂದರು.

ಅವರು ಬಾನೆಟ್ ಎತ್ತಿ ಪಕ್ಕದ ಡಬ್ಬಿಯಲ್ಲಿ ಎಂಜಿನ್ ತಂಪಾಗಿಡುವ ಕೂಲಂಟ್ ನೀರು ನೋಡಿದರು, ತುಂಬಿತ್ತು. ಹೀಟರಿಗೆ ಹೋಗುವ ಎರಡೂ ಪೈಪ್ ಮುಟ್ಟಿದರು. ಎರಡೂ ಒಂದೇ ಸಮ ಉಗುರುಬೆಚ್ಚಗಿದ್ದವು. "ಪೈಪಿನ್ಯಾಗ ಗಾಳಿ ಸಿಕ್ಕೊಂಡಿಲ್ಲ, ನೀರು ಓಡ್ಯಾಡಾಕತ್ತದ" ಎಂದರು. ಆಮೇಲೆ ಒಳಗೆ ಬಾಗಿ ತಾಪಮಾನದ ಮುಳ್ಳು ನೋಡಿದರು. ಎರಡು ತಾಸು ಓಡಿದ ಗಾಡಿಯ ಮುಳ್ಳು ಬುಡ ಬಿಟ್ಟು ಎದ್ದಿರಲಿಲ್ಲ.

"ಹೀಟರ್ ಛಲೋ ಅದ ಅಕ್ಕಾರ. ಎಂಜಿನ್ನೇ ಬಿಸಿ ಆಗಿಲ್ಲ. ಇದರ ಥರ್ಮೋಸ್ಟಾಟ್ ಯಾರ ತೆಗದಾರ್ರಿ?"

ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ಬಾಗಿಲು ಅದು ಎಂದು ಅವರು ವಿವರಿಸುತ್ತಿದ್ದರು. ನನಗೆ ಏಪ್ರಿಲ್ ತಿಂಗಳು ನೆನಪಾಗುತ್ತಿತ್ತು. ಬಿಸಿಲಿಗೆ ಗಾಡಿ ಕುದಿಯುತ್ತದೆ ಎಂದು ಹೆದರಿ, "ಅದನ್ನ ಕಿತ್ತು ಒಗೀರಿ, ನಮ್ಮ ಊರಿಗೆ ಯಾಕ ಬೇಕು?" ಎಂದು ಮೆಕ್ಯಾನಿಕ್ಕನ ಮುಂದೆ ನಿಂತು ತೆಗೆಸಿದವಳು ನಾನೇ. ಅವನು ಬೇಡ ಎಂದಿದ್ದ. ಮೂವತ್ತು ವರ್ಷ ಗಣಿತ ಕಲಿಸಿದ ಜಂಬ, ಯಾರ ಮಾತು ಕೇಳುತ್ತೇನೆ?

"ನಾನ್ರಿ" ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾದವು.

ಮೆಹಬೂಬ್ ಭಾಯ್ ನಗಲಿಲ್ಲ. "ಈ ಕಡೆ ಅರ್ಧ ಗಾಡಿಗೆ ಅದು ಇರಂಗಿಲ್ರಿ. ಬ್ಯಾಸಗಿ ಬಂತಂದ್ರ ಎಲ್ಲಾರೂ ತೆಗಸ್ತಾರ. ಥಂಡಿ ಗಾಳ್ಯಾಗ ಓಡಿದ್ರ ಆ ನೀರು ಎಂದೂ ಕಾಯಂಗಿಲ್ಲ."

ಹೊಸದು ಹಾಕಿಸಲು ಸಾಮಾನಿನ ಅಂಗಡಿ ತೆರೆಯುವುದೇ ಹತ್ತು ಗಂಟೆಗೆ. ನನ್ನ ಮುಖ ನೋಡಿ, ಆಮೇಲೆ ಸುಜಾತಾಳ ಬೆರಳು ನೋಡಿ, ಅವರು ಚಹಾ ಲೋಟ ಕೆಳಗಿಟ್ಟರು. ಒಳಗಿನಿಂದ ಒಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದು ಹರಿದು, ರೇಡಿಯೇಟರಿನ ಮುಂದೆ ಮುಕ್ಕಾಲು ಭಾಗ ಮುಚ್ಚುವಂತೆ ತಂತಿಯಿಂದ ಬಿಗಿದರು. "ಗಾಳಿ ಬಡೀಲಿಲ್ಲಂದ್ರ ನೀರು ಕಾಯ್ತದ. ಮುಳ್ಳಿನ ಮ್ಯಾಲೆ ಕಣ್ಣಿಡ್ರಿ, ಅರ್ಧ ದಾಟಿದ್ರ ನಿಂದ್ರಿಸಿ ರಟ್ಟು ತೆಗೀರಿ. ಬಿಸಲು ಏರಿದ ಮ್ಯಾಲೆ ಇಟ್ಟೀರಿ ಅಂದ್ರ ಎಂಜಿನ್ ಖರಾಬ್ ಆಗ್ತದ." ಸುಜಾತಾಳಿಗೆ ಮಾತ್ರ, "ಹೋಗವ್ವ, ಅಲ್ಲಾಹ್ ನಿನ್ನ ಕೈಗೆ ಬರ್ಕತ್ ಕೊಡ್ಲಿ" ಎಂದರು.

ಹತ್ತು ಕಿಲೋಮೀಟರ್ ಹೋಗುವುದರೊಳಗೆ ಮುಳ್ಳು ಏಳತೊಡಗಿತು. ಹದಿನೈದಕ್ಕೆ ಬಿಸಿ ಗಾಳಿ ಬಂತು. ನನಗೆ ಖುಷಿ ತಡೆಯಲಾಗಲಿಲ್ಲ, ಹಾರ್ನ್ ಹೊಡೆದೆ, ಎದುರಿನ ಎಮ್ಮೆ ಬೆದರಿತು. ಸುಜಾತಾ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದಳು. ಬಣ್ಣ ಬರುತ್ತಿತ್ತು. ತೊಡೆಯ ಮೇಲೆ ಟೈಪ್ ಮಾಡುತ್ತ ಕೂತಳು. ನಾನು ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದೆ.

ಒಂಬತ್ತಕ್ಕೆ ಆಳಂದ ಮುಟ್ಟಿದೆವು. ಕಚೇರಿಯ ಬಾಗಿಲು ಹಾಕಿತ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ಎಂಜಿನ್ ಬಂದ್ ಮಾಡದೆ, ಕರೆಯುವ ತನಕ ಕಾರಿನಲ್ಲೇ ಕೂತಿರು ಎಂದೆ. ಹೊರಗೆ ಕಟ್ಟೆಯ ಮೇಲೆ ಪರೀಕ್ಷೆಗೆ ಬಂದ ಇನ್ನಿಬ್ಬರು ಹೆಂಗಸರು ಕೈ ಉಜ್ಜಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳು ಮಟಕಿ ಊರಿನ ರೇಣುಕಾ ಎಂದು ಆಮೇಲೆ ಗೊತ್ತಾಯಿತು. ಅಣ್ಣನ ಬೈಕಿನ ಹಿಂದೆ ಕೂತು ಬಂದದ್ದಕ್ಕೆ ಅವಳ ತುಟಿ ನೀಲಿಯಾಗಿತ್ತು. ಸುಜಾತಾ ಕಿಟಕಿ ಇಳಿಸಿ, "ಅಕ್ಕಾ, ಒಳಗ ಬರ್ರಿ. ಬೆಚ್ಚಗದ" ಎಂದಳು.

ನಾನು ಹಲ್ಲು ಕಚ್ಚಿ ಪಿಸುಗುಟ್ಟಿದೆ. "ಹುಚ್ಚಿ ಏನ ಬೇ ನೀ? ಇರೂದು ಒಂದೇ ಹುದ್ದೆ!"

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ತಾನು ಹಿಂದಕ್ಕೆ ಸರಿದು, ಮುಂದಿನ ಸೀಟನ್ನು ರೇಣುಕಾಳಿಗೆ ಕೊಟ್ಟಳು, ಇನ್ನೊಬ್ಬಳನ್ನು ತನ್ನ ಪಕ್ಕ ಕೂಡಿಸಿಕೊಂಡಳು. ಅರ್ಧ ಗಂಟೆ ಆರು ಕೈಗಳು ಆ ಗಾಳಿಗೆ ಚಾಚಿಕೊಂಡಿದ್ದವು. ರೇಣುಕಾ ಗಂಟಿನಿಂದ ಶೇಂಗಾ ಹೋಳಿಗೆ ತೆಗೆದು ಹಂಚಿದಳು. ನಾನು ಸಿಟ್ಟಿನಲ್ಲೇ ತಿಂದೆ, ರುಚಿಯಾಗಿತ್ತು.

ಅವರು ಒಳಗೆ ಹೋದ ಮೇಲೆ ರಟ್ಟು ಬಿಚ್ಚಿ ಹಿಂದೆ ಹಾಕಿದೆ. ಮಧ್ಯಾಹ್ನ ಒಂದಕ್ಕೆ ಗೋಡೆಗೆ ಹಾಳೆ ಅಂಟಿಸಿದರು. ಮೊದಲನೆಯ ಹೆಸರು ರೇಣುಕಾಳದು, ಎರಡನೆಯದು ಸುಜಾತಾಳದು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕಾರಿನಲ್ಲಿ ಕೂತವಳೇ ಅಂದೆ, "ಆಕೀನ ಆ ಕಟ್ಟಿ ಮ್ಯಾಲೇ ಕೂಡಾಕ ಬಿಟ್ಟಿದ್ರ, ಇವತ್ತು ನೌಕರಿ ನಿಂದಾಗಿರ್ತಿತ್ತು."

ಸುಜಾತಾ ಬೆಳಿಗ್ಗೆಯಿಂದ ಮೊದಲ ಸಲ ನಿಜವಾಗಿ ನಕ್ಕಳು. "ನಾ ಪೂರ್ತಿ ಪುಟ ಹೊಡದೇನಿ ಚಿಗವ್ವ, ಒಂದ ಸಾಲೂ ಬಿಟ್ಟಿಲ್ಲ. ಆಕಿನೂ ಹೊಡದಾಳ, ನನಗಿಂತ ಛಲೋ ಹೊಡದಾಳ. ಆಕಿ ಕೈ ಮರಗಟ್ಟಿದಾಗ ನಾ ಗೆದ್ದಿದ್ರ, ಗೆದ್ದದ್ದು ನಾ ಅಲ್ಲ, ನಿನ್ನ ಹೀಟರು."

ಅಫಜಲಪುರದಲ್ಲಿ ಅವಳನ್ನು ಇಳಿಸಿ, ಸಂಜೆ ಒಬ್ಬಳೇ ಜೇವರ್ಗಿಗೆ ತಿರುಗಿದೆ. ದಾರಿಯುದ್ದಕ್ಕೂ ಅವಳ ಬಗ್ಗೆ ಹೆಮ್ಮೆಪಟ್ಟೆ. ಸುಳ್ಳೇಕೆ ಹೇಳಲಿ, ಕೈತಪ್ಪಿದ ನೌಕರಿ ನೆನೆದು ಹೊಟ್ಟೆಯೂ ಉರಿಯಿತು.