ಯಾವುದು ಬೇಕೋ ಅದನ್ನ ಬಂದ್ ಮಾಡ್ರಿ

ಟಿಳಕವಾಡಿಯ ಒಂದು ಆಸ್ಪತ್ರೆಯಲ್ಲಿ ಜೋಡಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಮೊದಲ ಕೆಲಸ. ಒಂದು ದುಡಿಯುತ್ತಿತ್ತು, ಅದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು. ಎಕ್ಸ್-ರೇ ಚಿತ್ರಗಳಿಗೆಂದು ಎರಡಕ್ಕೂ ಸೇರಿದ ಹೊಸ ಡಿಸ್ಕ್ ಜೋಡಿಸಿದೆ. ಆದರೆ ಅದು ಎಲ್ಲಿದೆ ಎಂದು ಹೇಳುವ ಕಾನ್ಫಿಗರೇಶನ್ ಫೈಲನ್ನು ದುಡಿಯುವ ಯಂತ್ರದಲ್ಲಿ ಮಾತ್ರ ತಿದ್ದಿದೆ. ಚಿತ್ರಗಳು ಬಂದವು, ನಾನು ಚಹಾಕ್ಕೆ ಹೋದೆ. ಸುಮ್ಮನೆ ಕುಳಿತ ಯಂತ್ರವನ್ನು ಯಾರು ಮಾತಾಡಿಸುತ್ತಾರೆ?

ಒಂದು ಮಧ್ಯಾಹ್ನ ಮೊದಲನೆಯದು ನಿಂತಿತು. ಎರಡನೆಯದು ಕೂಡಲೇ ಎದ್ದಿತು, ಆದರೆ ಅದಕ್ಕೆ ಹೊಸ ಡಿಸ್ಕಿನ ಸುದ್ದಿಯೇ ಗೊತ್ತಿರಲಿಲ್ಲ. ಮೂಳೆ ಡಾಕ್ಟರು ಖಾಲಿ ಪರದೆ ತೋರಿಸಿ, "ಫೋಟೋ ಎಲ್ಲಿ ಹೋದೂರಿ?" ಎಂದರು.

ಅಂದಿನಿಂದ ನಾನು ಫೈಲನ್ನು ಸರ್ವರಿನಲ್ಲೇ ಕುಳಿತು ತಿದ್ದುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ತಿದ್ದಿ, ಅದೇ ಪ್ರತಿಯನ್ನು ಎರಡಕ್ಕೂ ಕಳಿಸುತ್ತೇನೆ. "ಒಂದಕ್ಕ ಹಾಕೀನಿ, ಇನ್ನೊಂದಕ್ಕ ಆಮ್ಯಾಲ ಹಾಕತೀನಿ" ಎನ್ನುವವರ ಮೇಲೆ ರೇಗುತ್ತೇನೆ. ಆ "ಆಮ್ಯಾಲ" ಎಂದೂ ಬರುವುದಿಲ್ಲ.

ಕಳೆದ ತಿಂಗಳು ಖಾನಾಪುರದ ಒಂದು ದವಾಖಾನೆಯಲ್ಲಿ ಅಂಥದೇ ಜೋಡಿ ಕೂಡಿಸಿದೆ. ಕೆಲಸ ಮುಗಿದ ಮೇಲೆ ಅಲ್ಲಿ ಎಲ್ಲರೂ ‘ಬಾಯಿ’ ಎನ್ನುವ ಲೇಡಿ ಡಾಕ್ಟರನ್ನು ಕರೆದು, "ಯಾವುದು ಬೇಕೋ ಅದನ್ನ ಬಂದ್ ಮಾಡ್ರಿ" ಎಂದೆ. ಅವರು ಅನುಮಾನಿಸುತ್ತಲೇ ಒಂದರ ಗುಂಡಿ ಒತ್ತಿ ಹಿಡಿದರು. ಅದು ಆರಿದ ಮೇಲೆ ಹೊಸದೊಂದು ಚಿತ್ರ ತೆರೆಸಿದೆ. ಮುರಿದ ಮೊಣಕೈ ಸ್ಪಷ್ಟವಾಗಿ ಮೂಡಿತು.

ಡಾಕ್ಟರ್ ಬಾಯಿಗೆ ನಂಬಿಕೆ ಬರಲಿಲ್ಲ. ಯಂತ್ರದ ಹಿಂದೆ ಅಂಗೈ ಹಿಡಿದು ಫ್ಯಾನಿನ ಗಾಳಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಹಂಗಾದ್ರ ಇನ್ನೊಂದನ್ನೂ ಬಂದ್ ಮಾಡ್ಲೇನ್ರಿ?"

"ಮಾಡ್ರಿ. ಮೊದಲ ಇದನ್ನ ಚಾಲೂ ಮಾಡ್ರಿ, ಅಷ್ಟ."